ವಿಡಿಯೋ ಫೈಲ್ ಒಳಗಿನ ಎನ್ಕೋಡರ್ ಸೆಟ್ಟಿಂಗ್ಸ್: ಕಾಣ್ತಿಲ್ಲ ಅಂದ್ರೆ ಎಲ್ಲಿ ನೋಡೋದು, ತೆಗೀಬೇಕು ಅಂದ್ರೆ ಎಷ್ಟು ತೆಗೆಯೋದು

ನನ್ನ ಹತ್ರ ಹಳೇ ಸ್ಕ್ರೀನ್ ರೆಕಾರ್ಡಿಂಗ್ ಒಂದಷ್ಟಿದ್ವು, ಎಲ್ಲಾ ಎಕ್ಸ್264 ಅನ್ನೋ ಎನ್ಕೋಡರ್‌ನಲ್ಲಿ (ವಿಡಿಯೋನ ಎಚ್.264 ರೂಪಕ್ಕೆ ಕುಗ್ಗಿಸೋ ಪ್ರೋಗ್ರಾಂ) ಕ್ಯೂಪಿ 0 ಇಟ್ಟು ಲಾಸ್‌ಲೆಸ್ ಆಗಿ, ಅಂದ್ರೆ ಗುಣಮಟ್ಟ ಒಂಚೂರೂ ಕಳೆಯದ ಹಾಗೆ, ಮಾಡಿದ್ದು. ಬೇರೆಯವ್ರಿಗೆ ಕೊಡೋ ಮುಂಚೆ ಒಳಗೆ ಕೂತಿರೋ ಎನ್ಕೋಡರ್ ಸೆಟ್ಟಿಂಗ್ಸ್ ತೆಗೆದುಬಿಡೋಣ ಅಂತ ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಟೂಲ್‌ನಲ್ಲಿ ಎಸ್‌ಇಐ ಯೂನಿಟ್‌ಗಳನ್ನೆಲ್ಲಾ (ಆ ಸೆಟ್ಟಿಂಗ್ಸ್ ಕೂತಿರೋ ತುಂಡುಗಳು, ವಿವರ ಕೆಳಗಿದೆ) ಒಟ್ಟಿಗೆ ಕಿತ್ತು ಹಾಕಿದೆ. ರೀಎನ್ಕೋಡ್ ಇಲ್ಲ, ಬರೀ ಸ್ಟ್ರೀಮ್ ಕಾಪಿ, ಅಂದ್ರೆ ಇರೋ ಡೇಟಾನ ಹಾಗೇ ನಕಲು ಮಾಡೋದು, ಹಾಗಾಗಿ ಚಿತ್ರಕ್ಕೆ ಏನೂ ಆಗಲ್ಲ ಅಂತ ನಂಬಿದ್ದೆ, ಫೈಲ್‌ನ ವಿವರ ತೋರಿಸೋ ಮೀಡಿಯಾಇನ್ಫೋದಲ್ಲಿ ನೋಡಿದ್ರೆ ಸೆಟ್ಟಿಂಗ್ಸ್ ಸಾಲು ಹೋಗಿತ್ತು, ಸರಿ ಅಂತ ಕಳಿಸಿದೆ. ಎರಡು ದಿನ ಬಿಟ್ಟು ಫೈಲ್ ವಾಪಸ್ ಬಂತು. ಅಕ್ಷರಗಳ ಅಂಚಿಂದ ಬಣ್ಣ ಅಡ್ಡಕ್ಕೂ ಉದ್ದಕ್ಕೂ ಗೆರೆ ಎಳೆದ ಹಾಗೆ ಹರಡ್ಕೊಂಡಿದೆ, ಮುಂದಿನ ಕೀಫ್ರೇಮ್ (ಬೇರೆ ಫ್ರೇಮ್ ನೆಚ್ಚಿಕೊಳ್ಳದ ಪೂರ್ತಿ ಫ್ರೇಮ್) ಬಂದಾಗ ಒಂದು ಕ್ಷಣ ಸರಿ ಹೋದ ಹಾಗೆ ಆಗಿ ಮತ್ತೆ ಶುರು ಆಗತ್ತೆ ಅಂತ. ಮೂಲ ಫೈಲ್ ಮಾತ್ರ ಚೆನ್ನಾಗೇ ಓಡ್ತಿತ್ತು. ತೆಗೆದದ್ದು ಬರೀ ಒಂದು ಪಠ್ಯದ ಸಾಲು, ಹಾಳಾಗಿದ್ದು ಚಿತ್ರ. ಇದು ಯಾಕೆ ಅಂತ ಹುಡುಕ್ತಾ ಹೋದಾಗ ಗೊತ್ತಾದದ್ದನ್ನೆಲ್ಲಾ ಇಲ್ಲಿ ಬರೀತಿದೀನಿ, ಉತ್ತರ ಕೆಳಗೆ ಬರತ್ತೆ, ಆದ್ರೆ ಅದು ಅರ್ಥ ಆಗ್ಬೇಕು ಅಂದ್ರೆ ಮೊದ್ಲು ಈ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಯಾವ ಪದರದಲ್ಲಿ ಇರತ್ತೆ ಅನ್ನೋದು ತಿಳ್ಕೋಬೇಕು.

ಯಾವ ಪದರ

ಜನ ಎಲ್ಲಾ ಸೇರಿಸಿ ಮೆಟಾಡೇಟಾ ಅಂತಾರೆ, ತೊಂದರೆ ಅಲ್ಲಿಂದಾನೇ ಶುರು. ಒಂದು ಫೈಲ್‌ನಲ್ಲಿ ಕನಿಷ್ಠ ಎರಡು ಪದರ ಇದೆ. ಹೊರಗಿನದು ಕಂಟೇನರ್, ಅಂದ್ರೆ ಎಂಪಿ4 ಅಥ್ವಾ ಎಂಕೆವಿ. ಅದ್ರಲ್ಲಿ ಯಾವ ಪ್ರೋಗ್ರಾಂ ಫೈಲ್ ಕಟ್ಟಿತು ಅನ್ನೋದು ಟ್ಯಾಗ್ ಆಗಿ ಇರತ್ತೆ, ಎಫ್‌ಎಫ್‌ಎಂಪೆಗ್ ಆದ್ರೆ ಲಾವ್‌ಎಫ್ ಅಂತ ಶುರುವಾಗಿ ಮುಂದೆ ವರ್ಷನ್ ನಂಬರ್, ವಿಡಿಯೋ ಟ್ರ್ಯಾಕ್ ಮೇಲೆ ಲಾವ್‌ಸಿ ಅಂತ ಶುರುವಾಗಿ ಕೊನೆಗೆ ಲಿಬ್‌ಎಕ್ಸ್264. ಇದು ಹೆಸರು ಅಷ್ಟೇ, ಇದ್ರಲ್ಲಿ ಸಿಆರ್‌ಎಫ್ (ಗುಣಮಟ್ಟದ ಅಳತೆ) ಎಷ್ಟು, ಬಿಫ್ರೇಮ್ ಎಷ್ಟು ಅನ್ನೋ ಥರದ ಸೆಟ್ಟಿಂಗ್ಸ್ ಇರಲ್ಲ.

ನಿಜವಾದ ಸೆಟ್ಟಿಂಗ್ಸ್ ಇರೋದು ಒಳಗಿನ ಪದರದಲ್ಲಿ, ವಿಡಿಯೋ ಬಿಟ್‌ಸ್ಟ್ರೀಮ್ ಒಳಗೇ. ಎಚ್.264 ಸ್ಟ್ರೀಮ್ ಅನ್ನೋದು ಎನ್‌ಎಎಲ್ ಯೂನಿಟ್‌ಗಳ, ಅಂದ್ರೆ ಡೇಟಾ ತುಂಡುಗಳ ಸರಣಿ, ಅದ್ರಲ್ಲಿ ಟೈಪ್ 6 ಅಂದ್ರೆ ಎಸ್‌ಇಐ, ಡಿಕೋಡರ್‌ಗೆ (ವಿಡಿಯೋ ಬಿಡಿಸಿ ಚಿತ್ರ ಮಾಡೋ ಪ್ರೋಗ್ರಾಂ) ಕೊಡೋ ಹೆಚ್ಚುವರಿ ಮಾಹಿತಿ. ಎಸ್‌ಇಐ ಒಳಗೆ ಮತ್ತೆ ಬಗೆಬಗೆ ಇದೆ, 5ನೇ ಬಗೆ ಅಂದ್ರೆ ಯಾರು ಏನು ಬೇಕಾದ್ರೂ ಬರೆದುಕೊಳ್ಳಬಹುದಾದ ಯೂಸರ್ ಡೇಟಾ. ಎಕ್ಸ್264 ಮೊದಲ ಫ್ರೇಮ್ ಜೊತೆಗೆ ಇದ್ರಲ್ಲಿ ತನ್ನ ಹೆಸರು, ಕೋರ್ ನಂಬರ್ (ಎಕ್ಸ್264ನ ವರ್ಷನ್), ಆಮೇಲೆ ಆಪ್ಷನ್ಸ್ ಅಂತ ಹೇಳಿ ಕಬ್ಯಾಕ್=1, ರೆಫ್=3, ಡಿಬ್ಲಾಕ್=1:0:0 ಹೀಗೆ ಎಲ್ಲಾನೂ ಒಂದೇ ಉಸಿರಲ್ಲಿ ಬರೆದಿಡತ್ತೆ.

ಫೈಲ್‌ನ ಬೈಟ್‌ಗಳನ್ನ ನೇರವಾಗಿ ತೋರಿಸೋ ಹೆಕ್ಸ್ ಎಡಿಟರ್‌ನಲ್ಲಿ ಒಂದ್ಸಲ ಕಣ್ಣಾರೆ ನೋಡಿ, ಆಮೇಲೆ ಮರೆಯಲ್ಲ. ಮೊದಲು 06 ಅಂತ ಒಂದು ಬೈಟ್, ಇದು ಎಸ್‌ಇಐ. ಆಮೇಲೆ 05, ಇದು ಯೂಸರ್ ಡೇಟಾ. ಆಮೇಲೆ ಉದ್ದ, ಅದು ಸ್ವಲ್ಪ ವಿಚಿತ್ರ, ಎಫ್‌ಎಫ್ ಎಫ್‌ಎಫ್ ಎ9 ಅಂತ ಇದ್ರೆ 255 ಕೂಡಿಸು 255 ಕೂಡಿಸು 169, ಒಟ್ಟು 679 ಬೈಟ್. ಆ 679ರಲ್ಲಿ ಮೊದಲ 16 ಬೈಟ್ ಎಕ್ಸ್264ನ ಗುರುತಿನ ಸಂಖ್ಯೆ, ಡಿಸಿ 45 ಇ9 ಬಿಡಿ ಅಂತ ಶುರುವಾಗತ್ತೆ, ಯಾವ ಫೈಲ್ ತೆಗೆದ್ರೂ ಇದು ಬದಲಾಗಲ್ಲ. ಉಳಿದದ್ದು ಓದೋಕೆ ಬರೋ ಪಠ್ಯ, ಕೊನೇಲಿ ಒಂದು ಸೊನ್ನೆ ಬೈಟ್. ಅಷ್ಟೇ. ಗೂಢಲಿಪಿ ಏನಿಲ್ಲ, ಕಂಪ್ರೆಸ್ ಕೂಡ ಆಗಿಲ್ಲ, ಬರೀ ಟೆಕ್ಸ್ಟ್.

ಎಚ್ಇವಿಸಿ, ಅಂದ್ರೆ ಎಚ್.265 ವಿಡಿಯೋ ಮಾಡೋ ಎಕ್ಸ್265 ಎನ್ಕೋಡರ್ ಕೂಡ ಇದನ್ನೇ ಮಾಡತ್ತೆ, ಅಲ್ಲಿ ಎನ್‌ಎಎಲ್ ಟೈಪ್ 39, ಮತ್ತೆ ಅದು ಇನ್ನೂ ಧಾರಾಳ, ಯಾವ ಆಪರೇಟಿಂಗ್ ಸಿಸ್ಟಂ, ಯಾವ ಕಂಪೈಲರ್‌ನಲ್ಲಿ ಬಿಲ್ಡ್ ಆಗಿದ್ದು ಅನ್ನೋದನ್ನೂ ಸೇರಿಸತ್ತೆ. ಎಕ್ಸ್264 ಸಾಲಲ್ಲಿ ಥ್ರೆಡ್ಸ್=12 ಅಂತ ಇದ್ರೆ ಅದೂ ಒಂದು ಸುಳಿವೇ, ಥ್ರೆಡ್ ಲೆಕ್ಕವನ್ನ ಆಟೋಗೆ ಬಿಟ್ಟಿದ್ರೆ ಅದು ಸಾಮಾನ್ಯವಾಗಿ ಪ್ರೊಸೆಸರ್‌ನ ಲಾಜಿಕಲ್ ಕೋರ್‌ಗಳ ಒಂದೂವರೆ ಪಟ್ಟು ತಗೊಳತ್ತೆ, ಅಂದ್ರೆ 8 ಕೋರ್ ಇರೋ ಮೆಷಿನ್. ಹಾಗಾಗಿ ಮುಚ್ಚಿಡ್ಬೇಕು ಅನ್ನೋರ ಕಾಳಜಿ ನಂಗೆ ಪೂರ್ತಿ ಅರ್ಥ ಆಗತ್ತೆ, ತಿಂಗಳಾನುಗಟ್ಟಲೆ ಕೂತು ಹದ ಮಾಡಿದ ಸೆಟ್ಟಿಂಗ್ಸ್ ಯಾರೋ ಒಂದು ಕ್ಲಿಕ್‌ನಲ್ಲಿ ಎತ್ಕೊಂಡು ಹೋಗೋದು ಬೇಡ ಅನ್ನೋರೂ ಇದಾರೆ.

ಸೆಟ್ಟಿಂಗ್ಸ್ ಕಾಣ್ತಾನೇ ಇಲ್ಲ

ಮೊದ್ಲು ಸುಲಭದ್ದು. ಮೀಡಿಯಾಇನ್ಫೋ ತೆರೆದಾಗ ಬರೋ ಬೇಸಿಕ್ ವ್ಯೂನಲ್ಲಿ ಎಲ್ಲಾ ವಿವರ ಬರಲ್ಲ, ವ್ಯೂ ಮೆನುಗೆ ಹೋಗಿ ಟೆಕ್ಸ್ಟ್ ಅಥ್ವಾ ಟ್ರೀ ಮಾಡ್ಕೊಳ್ಳಿ, ವಿಡಿಯೋ ವಿಭಾಗದಲ್ಲಿ ರೈಟಿಂಗ್ ಲೈಬ್ರರಿ ಅಂತ ಒಂದು ಸಾಲು, ಅದ್ರ ಕೆಳಗೆ ಎನ್ಕೋಡಿಂಗ್ ಸೆಟ್ಟಿಂಗ್ಸ್ ಅಂತ ಇನ್ನೊಂದು. ಜನರಲ್ ವಿಭಾಗದಲ್ಲಿ ಬರೋ ರೈಟಿಂಗ್ ಅಪ್ಲಿಕೇಷನ್ ಬೇರೆ, ಅದು ಕಂಟೇನರ್‌ದು, ಇವೆರಡನ್ನ ಒಂದೇ ಅಂದ್ಕೊಂಡು ಒಂದನ್ನ ಅಳಿಸಿ ಇನ್ನೊಂದು ಯಾಕೆ ಇದೆ ಅಂತ ಕೇಳೋರು ಬಹಳ.

ಅಲ್ಲೂ ಇಲ್ಲ ಅಂದ್ರೆ ಕಾರಣ ಹಲವು ಇರ್ಬೋದು. ಗ್ರಾಫಿಕ್ಸ್ ಕಾರ್ಡ್‌ನ ಹಾರ್ಡ್‌ವೇರ್ ಎನ್ಕೋಡರ್‌ನಲ್ಲಿ ಮಾಡಿದ ಫೈಲ್ ಆದ್ರೆ ಅದು ಸಾಮಾನ್ಯವಾಗಿ ಇಂಥ ಪಠ್ಯ ಬರೆಯೋದೇ ಇಲ್ಲ, ಹುಡುಕೋದು ಬೇಡ. ಫೋನ್ ಕ್ಯಾಮೆರಾದ ಫೈಲ್‌ಗಳಲ್ಲೂ ಹಾಗೇ.

ಎಕ್ಸ್264ನಲ್ಲೇ ಮಾಡಿದ್ದು ಅಂತ ಗ್ಯಾರಂಟಿ ಇದ್ದೂ ಕಾಣ್ತಿಲ್ಲ ಅಂದ್ರೆ ಆ ಫೈಲ್ ಎಲ್ಲೋ ಮಧ್ಯದಿಂದ ಕತ್ತರಿಸಿದ್ದಾ ಅಂತ ನೋಡಿ. ಮೇಲೆ ಹೇಳಿದ ಹಾಗೆ ಎಕ್ಸ್264 ಈ ಸಾಲನ್ನ ಮೊದಲ ಫ್ರೇಮ್ ಜೊತೆಗೆ ಒಂದೇ ಸಲ ಬರಿಯೋದು, ಸ್ಟ್ರೀಮ್ ಕಾಪಿಯಲ್ಲಿ 10ನೇ ನಿಮಿಷದಿಂದ ಕತ್ತರಿಸಿದ್ರೆ ಮೊದಲ ಫ್ರೇಮ್ ಹೋಯ್ತು, ಅದ್ರ ಜೊತೆ ಸೆಟ್ಟಿಂಗ್ಸೂ ಹೋಯ್ತು. ಯಾರೂ ಅಳಿಸಿಲ್ಲ, ಕತ್ತರಿ ಬಿದ್ದ ಜಾಗ ಹಾಗೆ. ಎಕ್ಸ್265ನಲ್ಲಿ ಇದು ಸ್ಟ್ರೀಮ್ ಹೆಡರ್‌ಗಳ ಜೊತೆ ಬರತ್ತೆ, ಹೆಡರ್ ಪದೇಪದೇ ಬರೋ ಹಾಗೆ ಎನ್ಕೋಡ್ ಮಾಡಿದ್ರೆ ಕತ್ತರಿಸಿದ ತುಂಡಲ್ಲೂ ಸಿಗೋ ಸಾಧ್ಯತೆ ಇದೆ.

ಇದಕ್ಕೆ ಉಲ್ಟಾ ಇನ್ನೊಂದಿದೆ. ಎರಡು ಬೇರೆಬೇರೆ ಎನ್ಕೋಡ್‌ಗಳನ್ನ ಸ್ಟ್ರೀಮ್ ಕಾಪಿಯಲ್ಲೇ ಜೋಡಿಸಿದ ಫೈಲ್ ಆದ್ರೆ ಮೀಡಿಯಾಇನ್ಫೋ ತೋರಿಸೋದು ಮೊದಲ ತುಂಡಿನ ಸೆಟ್ಟಿಂಗ್ಸ್, ಎರಡನೇದ್ದು ಫೈಲ್ ಹೊಟ್ಟೆ ಒಳಗೆಲ್ಲೋ ಹಾಗೇ ಇರತ್ತೆ. ಆಗ ಪೂರ್ತಿ ಫೈಲನ್ನ ಓದೋಕೆ ಬರೋ ಪಠ್ಯ ಮಾತ್ರ ಎತ್ತಿಕೊಡೋ ಸ್ಟ್ರಿಂಗ್ಸ್ ಪ್ರೋಗ್ರಾಂಗೆ ಕೊಟ್ಟು, ಪದ ಹುಡುಕೋ ಗ್ರೆಪ್‌ನಲ್ಲಿ ಎಕ್ಸ್264 ಅಂತ ಹುಡುಕಿದ್ರೆ ಎರಡೂ ಬರತ್ತೆ. ಇಲ್ಲಿ ಎರಡು ವಿಷಯ ಗಮನಿಸಿ. ಮೀಡಿಯಾಇನ್ಫೋ ಓದೋಕೆ ಚಂದ ಕಾಣ್ಲಿ ಅಂತ ಆಪ್ಷನ್‌ಗಳ ಮಧ್ಯೆ ಓರೆಗೆರೆ ಹಾಕತ್ತೆ, ನಿಜವಾದ ಫೈಲ್‌ನಲ್ಲಿ ಬರೀ ಸ್ಪೇಸ್ ಇರೋದು, ಅಲ್ಲಿಂದ ಕಾಪಿ ಮಾಡಿ ಹುಡುಕಿದ್ರೆ ಸಿಗಲ್ಲ. ಇನ್ನೊಂದು, ಫೈಲ್‌ನ ಮೊದಲ ಒಂದೆರಡು ಎಂಬಿ ಮಾತ್ರ ಹುಡುಕಿ ಇಲ್ಲ ಅಂತ ತೀರ್ಮಾನ ಮಾಡ್ಬೇಡಿ, ಉದ್ದದ ಎಂಪಿ4ನಲ್ಲಿ ಇಂಡೆಕ್ಸ್ ಮುಂದೆ ಇಟ್ಟಿದ್ರೆ ಆ ಇಂಡೆಕ್ಸೇ ಹಲವು ಎಂಬಿ ಇರತ್ತೆ, ಮೊದಲ ಫ್ರೇಮ್ ಶುರುವಾಗೋದು ಅದಾದ್ಮೇಲೆ.

ಟಿಎಸ್ ಫೈಲ್ (ಟಿವಿ ಪ್ರಸಾರದಲ್ಲಿ ಬಳಸೋ ಕಂಟೇನರ್) ಆದ್ರೆ ಇನ್ನೂ ಸ್ವಲ್ಪ ತಲೆನೋವು. ಅಲ್ಲಿ ಡೇಟಾ 188 ಬೈಟ್‌ನ ಪ್ಯಾಕೆಟ್‌ಗಳಾಗಿ ಇರತ್ತೆ, ಪ್ರತಿಯೊಂದಕ್ಕೂ ಕನಿಷ್ಠ 4 ಬೈಟ್ ಹೆಡರ್, ಹಾಗಾಗಿ ಸೆಟ್ಟಿಂಗ್ಸ್ ಸಾಲು ಒಡೆದು ಮೂರ್ನಾಲ್ಕು ತುಂಡಾಗಿ ಕಾಣತ್ತೆ, ನೀವು ಹುಡುಕೋ ಪದದ ಮಧ್ಯದಲ್ಲೇ ಹೆಡರ್ ಕೂತಿದ್ರೆ ಗ್ರೆಪ್‌ಗೆ ಸಿಗಲ್ಲ. ಒಮ್ಮೆ ಎಂಕೆವಿಗೆ ರೀಮಕ್ಸ್ ಮಾಡಿ (ರೀಎನ್ಕೋಡ್ ಇಲ್ಲದೆ ಕಂಟೇನರ್ ಮಾತ್ರ ಬದಲಾಯಿಸಿ) ಹುಡುಕೋದು ಸುಲಭ.

ಎಫ್‌ಎಫ್‌ಎಂಪೆಗ್ ಜೊತೆ ಬರೋ ಎಫ್‌ಎಫ್‌ಪ್ರೋಬ್‌ನ ಮಾಮೂಲಿ ಔಟ್‌ಪುಟ್ ನಂಬ್ಕೊಂಡು ಕೂತ್ಕೋಬೇಡಿ, ಅದು ಕಂಟೇನರ್ ಟ್ಯಾಗ್ ತೋರಿಸತ್ತೆ, ಎಸ್‌ಇಐ ಪಠ್ಯ ಅಲ್ಲ. ಶೋ_ಫ್ರೇಮ್ಸ್ ಕೊಟ್ರೆ ಮೊದಲ ಫ್ರೇಮ್‌ನ ಸೈಡ್ ಡೇಟಾದಲ್ಲಿ ಯೂಸರ್ ಡೇಟಾ ಎಸ್‌ಇಐ ಇದೆ ಅಂತ ಹೇಳತ್ತೆ. ಒಂದು ಬಿಟ್ಟೂ ಬಿಡದ ಹಾಗೆ ನೋಡ್ಬೇಕು ಅಂದ್ರೆ ಟ್ರೇಸ್_ಹೆಡರ್ಸ್ ಅನ್ನೋ ಬಿಟ್‌ಸ್ಟ್ರೀಮ್ ಫಿಲ್ಟರ್ ಇದೆ, ಸ್ಟ್ರೀಮ್ ಕಾಪಿಗೆ ಅದನ್ನ ಹಾಕಿ ಔಟ್‌ಪುಟ್ ನಲ್ ಮಾಡಿ (ಫೈಲ್ ಬರೆಯದ ಹಾಗೆ), ಪ್ರತಿ ಯೂನಿಟ್‌ದೂ ವಿವರ ಸುರಿಯತ್ತೆ, ಮೊದಲ ಒಂದೆರಡು ಸೆಕೆಂಡಿಗೆ ಸೀಮಿತ ಮಾಡ್ಕೊಳ್ಳಿ ಇಲ್ಲಾಂದ್ರೆ ಓದೋಕಾಗಲ್ಲ.

ಅಳಿಸಿದೆ, ಆದ್ರೂ ಇದೆ

ಬಹಳ ಜನ ಮೊದ್ಲು ಮಾಡೋದು ಎಫ್‌ಎಫ್‌ಎಂಪೆಗ್‌ನಲ್ಲಿ -ಮ್ಯಾಪ್_ಮೆಟಾಡೇಟಾ -1 ಹಾಕೋದು. ಇದು ಮೂಲ ಫೈಲ್‌ನಿಂದ ಬರೋ ಟ್ಯಾಗ್‌ಗಳನ್ನ ನಿಲ್ಲಿಸತ್ತೆ, ಕಂಟೇನರ್ ಪದರದಲ್ಲಿ ಮಾತ್ರ. ಅದ್ರಲ್ಲೂ ಎಫ್‌ಎಫ್‌ಎಂಪೆಗ್ ಹೊಸ ಫೈಲ್ ಬರೆಯುವಾಗ ತಾನೇ ಹಾಕೋ ಲಾವ್‌ಎಫ್ ಹೆಸರು ಹಾಗೇ ಬರತ್ತೆ, ಯಾಕಂದ್ರೆ ಅದು ಮೂಲದಿಂದ ಬಂದಿದ್ದಲ್ಲ. ಅದಕ್ಕೆ ಔಟ್‌ಪುಟ್ ಕಡೆ -ಎಫ್‌ಫ್ಲ್ಯಾಗ್ಸ್ +ಬಿಟ್‌ಎಕ್ಸಾಕ್ಟ್ ಹಾಕ್ಬೇಕು, ಎಂಪಿ4ನಲ್ಲಿ ಆ ಟ್ಯಾಗೇ ಬರಲ್ಲ, ಎಂಕೆವಿಯಲ್ಲಿ ವರ್ಷನ್ ನಂಬರ್ ಇಲ್ಲದೆ ಬರೀ ಲಾವ್‌ಎಫ್ ಅಂತ ಉಳಿಯತ್ತೆ, ಯಾಕಂದ್ರೆ ಮಾಟ್ರೋಸ್ಕಾದಲ್ಲಿ, ಅಂದ್ರೆ ಎಂಕೆವಿಯ ಫಾರ್ಮ್ಯಾಟ್‌ನಲ್ಲಿ, ಆ ಜಾಗ ಖಾಲಿ ಬಿಡೋ ಹಾಗಿಲ್ಲ. ಎಂಕೆವಿಗೆ ಎಂಕೆವಿಪ್ರಾಪ್‌ಎಡಿಟ್ ಬಳಸಿದ್ರೆ ರೈಟಿಂಗ್ ಅಪ್ಲಿಕೇಷನ್ ಹೆಸರನ್ನ ನೇರವಾಗಿ ಬದಲಾಯಿಸ್ಬೋದು, ಫೈಲ್ ಪೂರ್ತಿ ಮತ್ತೆ ಬರೆಯೋ ಅಗತ್ಯ ಇಲ್ಲ. ಅಂದಹಾಗೆ ಮ್ಯಾಪ್_ಮೆಟಾಡೇಟಾ -1 ಹಾಕಿದ್ರೆ ಆಡಿಯೋ ಮತ್ತೆ ಸಬ್‌ಟೈಟಲ್ ಟ್ರ್ಯಾಕ್‌ನ ಭಾಷೆ ಟ್ಯಾಗೂ ಹೋಗತ್ತೆ, ಅದನ್ನ ಕೈಯಾರೆ ವಾಪಸ್ ಹಾಕ್ಬೇಕು, ನಾಲ್ಕು ಆಡಿಯೋ ಟ್ರ್ಯಾಕ್ ಇರೋ ಫೈಲ್‌ನಲ್ಲಿ ಇದು ಮರೆತ್ರೆ ನೋಡೋರಿಗೆ ಬಹಳ ಕಷ್ಟ.

ಇಷ್ಟೆಲ್ಲಾ ಮಾಡಿದ್ಮೇಲೂ ಎನ್ಕೋಡಿಂಗ್ ಸೆಟ್ಟಿಂಗ್ಸ್ ಸಾಲು ಅಲ್ಲೇ ಇರತ್ತೆ. ಅದು ಬಿಟ್‌ಸ್ಟ್ರೀಮ್‌ನಲ್ಲಿದೆ, ಕಂಟೇನರ್ ಟೂಲ್ ಯಾವ್ದೂ ಅದನ್ನ ಮುಟ್ಟಲ್ಲ.

ಇನ್ನೊಂದು ಕಡೆ ನಾನು ಅರ್ಧ ದಿನ ಕಳೆದಿದೀನಿ. ವಿಡಿಯೋದಲ್ಲಿ ಎಲ್ಲಾ ತೆಗೆದಾಗಿದೆ, ಟ್ಯಾಗ್ ಇಲ್ಲ, ಆದ್ರೂ ಸ್ಟ್ರಿಂಗ್ಸ್‌ನಲ್ಲಿ ಲಾವ್‌ಸಿ ಅಂತ ಒಂದು ವರ್ಷನ್ ಸಿಗ್ತಾನೇ ಇತ್ತು. ಅದು ಕೂತಿದ್ದದ್ದು ಆಡಿಯೋದಲ್ಲಿ. ಎಫ್‌ಎಫ್‌ಎಂಪೆಗ್‌ನ ಸ್ವಂತ ಎಎಸಿ ಆಡಿಯೋ ಎನ್ಕೋಡರ್ ಶುರುವಿನಲ್ಲಿ ಫಿಲ್ ಎಲಿಮೆಂಟ್ ಅನ್ನೋ ಖಾಲಿ ಜಾಗದಲ್ಲಿ ತನ್ನ ಹೆಸರು ಬರೆದಿಡತ್ತೆ. ಎನ್ಕೋಡ್ ಮಾಡೋವಾಗಲೇ -ಫ್ಲ್ಯಾಗ್ಸ್:ಎ +ಬಿಟ್‌ಎಕ್ಸಾಕ್ಟ್ ಹಾಕಿದ್ರೆ ಬರೆಯಲ್ಲ, ಆಗಲೇ ಎನ್ಕೋಡ್ ಆದ ಆಡಿಯೋನ ಬರೀ ಕಾಪಿ ಮಾಡ್ತಿದ್ರೆ ಆ ಫ್ಲ್ಯಾಗ್‌ನಿಂದ ಪ್ರಯೋಜನ ಇಲ್ಲ. ಇದ್ರಲ್ಲಿ ಗುಟ್ಟಿನ ವಿಷಯ ಏನೂ ಇಲ್ಲ, ಬರೀ ಲೈಬ್ರರಿ ಹೆಸರು, ಹಾಗಾಗಿ ನಾನು ಬಿಟ್ಟುಬಿಡ್ತೀನಿ.

ಎಚ್ಇವಿಸಿ ಫೈಲ್‌ನಲ್ಲಿ ಮಾತ್ರ ಹುಷಾರು. ಎಂಪಿ4 ಮತ್ತೆ ಎಂಕೆವಿಯಲ್ಲಿ ಡಿಕೋಡರ್ ಹೆಡರ್‌ಗಳನ್ನ ಪ್ರತ್ಯೇಕವಾಗಿ ಒಂದು ಕಡೆ ಇಡ್ತಾರೆ, ಅದ್ರಲ್ಲಿ ಎಸ್‌ಇಐಗೂ ಜಾಗ ಇದೆ, ಎಕ್ಸ್265ನ ಸಾಲು ಅಲ್ಲೂ ಒಂದು ಪ್ರತಿ ಇರ್ಬೋದು. ಫ್ರೇಮ್‌ಗಳ ಒಳಗಿಂದ ತೆಗೆದು, ಹೆಡರ್‌ನಲ್ಲಿರೋ ಪ್ರತಿ ಹಾಗೇ ಬಿಟ್ರೆ ಮೀಡಿಯಾಇನ್ಫೋ ಅದನ್ನೇ ತೋರಿಸತ್ತೆ, ಆಗ ಫಿಲ್ಟರ್ ಕೆಲಸ ಮಾಡಿಲ್ಲ ಅನ್ಸತ್ತೆ. ತೆಗೆದ್ಮೇಲೆ ಪೂರ್ತಿ ಫೈಲ್ ಮೇಲೆ ಸ್ಟ್ರಿಂಗ್ಸ್ ಓಡಿಸಿ ಎಷ್ಟು ಕಡೆ ಸಿಗತ್ತೆ ಅಂತ ಎಣಿಸೋದು ಇದಕ್ಕೇನೇ.

ಎಕ್ಸ್265ನಲ್ಲಿ ಹೊಸದಾಗಿ ಎನ್ಕೋಡ್ ಮಾಡ್ತಿರೋರಿಗೆ ಇಷ್ಟೆಲ್ಲಾ ಬೇಡ, ಪ್ಯಾರಾಮೀಟರ್‌ಗಳಲ್ಲಿ ಇನ್ಫೋ=0 ಅಂತ ಕೊಟ್ರೆ ಆ ಸಾಲು ಹುಟ್ಟೋದೇ ಇಲ್ಲ. ಎಕ್ಸ್264ನಲ್ಲಿ ಅಂಥ ಸ್ವಿಚ್ ಇಲ್ಲ, ಆದ್ಮೇಲೆ ತೆಗೀಬೇಕು.

ಎಸ್‌ಇಐ ಕಿತ್ತ ಮೇಲೆ ಏನೋ ಹಾಳಾಗಿದೆ

ಎಲ್ಲರೂ ಹೇಳ್ಕೊಡೋ ದಾರಿ ಎಫ್‌ಎಫ್‌ಎಂಪೆಗ್‌ನ ಬಿಟ್‌ಸ್ಟ್ರೀಮ್ ಫಿಲ್ಟರ್, ಫಿಲ್ಟರ್_ಯೂನಿಟ್ಸ್=ರಿಮೂವ್_ಟೈಪ್ಸ್=6, ಎಚ್ಇವಿಸಿ ಆದ್ರೆ 39 ಮತ್ತೆ 40. ಕೆಲಸ ಮಾಡತ್ತೆ, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಇದು ಸೆಟ್ಟಿಂಗ್ಸ್ ಸಾಲನ್ನ ಮಾತ್ರ ತೆಗೆಯಲ್ಲ, ಆ ಟೈಪ್‌ನಲ್ಲಿರೋ ಎಲ್ಲಾನೂ ತೆಗೆಯತ್ತೆ, ಫೈಲ್‌ನ ಮೊದಲಿಂದ ಕೊನೆವರೆಗೂ. ಅದ್ರ ಜೊತೆ ಏನೇನು ಹೋಗತ್ತೆ ಅನ್ನೋದು ಆಯಾ ಫೈಲ್ ಮೇಲೆ ನಿಂತಿದೆ, ಅದಕ್ಕೇ ಒಬ್ಬರಿಗೆ ಏನೂ ಆಗಲ್ಲ ಇನ್ನೊಬ್ಬರಿಗೆ ಫೈಲೇ ಹಾಳು.

ಟಿವಿ ಪ್ರಸಾರದಿಂದ ಬಂದ ಫೈಲ್ ಆದ್ರೆ ಕ್ಲೋಸ್ಡ್ ಕ್ಯಾಪ್ಷನ್ ಎಸ್‌ಇಐ ಒಳಗೇ ಫ್ರೇಮ್ ಫ್ರೇಮ್‌ಗೂ ಇರತ್ತೆ, ಅದು ಪ್ರತ್ಯೇಕ ಟ್ರ್ಯಾಕ್ ಅಲ್ಲ. ಕಿತ್ತರೆ ಕ್ಯಾಪ್ಷನ್ ಸಂಪೂರ್ಣ ಹೋಯ್ತು. ಕಿವಿ ಕೇಳದೇ ಇರೋರಿಗೆ ಆ ವಿಡಿಯೋ ಅಲ್ಲಿಗೇ ಮುಗೀತು, ಮತ್ತೆ ಇದು ಚಿತ್ರ ನೋಡಿದ್ರೆ ಗೊತ್ತೂ ಆಗಲ್ಲ. ಎಫ್‌ಎಫ್‌ಪ್ರೋಬ್‌ನಲ್ಲಿ ವಿಡಿಯೋ ಸಾಲಿನಲ್ಲಿ ಕ್ಲೋಸ್ಡ್ ಕ್ಯಾಪ್ಷನ್ಸ್ ಅಂತ ಬರತ್ತಾ ಅಂತ ಕೀಳೋಕೆ ಮುಂಚೆನೇ ನೋಡ್ಕೊಳ್ಳಿ.

ಎಚ್‌ಡಿಆರ್ ಫೈಲ್‌ನಲ್ಲಿ (ಬೆಳಕಿನ ವ್ಯಾಪ್ತಿ ಹೆಚ್ಚಿರೋ ವಿಡಿಯೋ) ಮಾಸ್ಟರಿಂಗ್ ಡಿಸ್‌ಪ್ಲೇ ಮಾಹಿತಿ, ಅಂದ್ರೆ ಎಸ್‌ಇಐ ಬಗೆ 137, ಮತ್ತೆ ಬೆಳಕಿನ ಗರಿಷ್ಠ ಮಟ್ಟದ ಮಾಹಿತಿ, ಅದು 144, ಎರಡೂ ಹೋಗತ್ತೆ. ಇಲ್ಲಿ ಲಕ್ಷಣ ಗೊಂದಲದ್ದು, ಒಂದು ಪ್ಲೇಯರ್‌ನಲ್ಲಿ ಸರಿ ಕಾಣತ್ತೆ ಇನ್ನೊಂದು ಟಿವಿಯಲ್ಲಿ ಬೆಳಕು ಬೇರೆ ಥರ ಕಾಣತ್ತೆ. ಯಾಕಂದ್ರೆ ಇದೇ ಮಾಹಿತಿ ಕೆಲವು ಸಲ ಕಂಟೇನರ್‌ನಲ್ಲೂ ಇರತ್ತೆ, ಅಲ್ಲಿಂದ ಓದೋ ಪ್ಲೇಯರ್‌ಗೆ ತೊಂದರೆ ಇಲ್ಲ, ಬಿಟ್‌ಸ್ಟ್ರೀಮ್‌ನಿಂದಲೇ ಓದೋ ಸಾಧನಕ್ಕೆ ಏನೂ ಸಿಗಲ್ಲ.

ಮುಂದೆ ಹಿಂದೆ ಸರಿಸಿದಾಗ ಚಿತ್ರ ಬರೋದು ತಡ ಆಗ್ತಿದ್ರೆ ಅಥ್ವಾ ಬರ್ತಾನೇ ಇಲ್ಲ ಅಂದ್ರೆ ರಿಕವರಿ ಪಾಯಿಂಟ್ ಅನ್ನೋ 6ನೇ ಬಗೆಯ ಎಸ್‌ಇಐ ಹೋಗಿರತ್ತೆ. ಓಪನ್ ಜಿಒಪಿಯಲ್ಲಿ (ಒಂದು ಫ್ರೇಮ್ ಗುಂಪು ಹಿಂದಿನ ಗುಂಪನ್ನ ನೆಚ್ಚಿಕೊಳ್ಳೋ ರೀತಿ), ಮತ್ತೆ ಇಂಟ್ರಾ ರಿಫ್ರೆಶ್ (ಕೀಫ್ರೇಮ್ ಬದಲು ಚಿತ್ರವನ್ನ ಸ್ವಲ್ಪ ಸ್ವಲ್ಪವಾಗಿ ಹೊಸದು ಮಾಡೋದು) ಹಾಕಿ ಮಾಡಿದ ಸ್ಟ್ರೀಮ್‌ಗಳಲ್ಲಿ ಮಧ್ಯದಲ್ಲಿ ಎಲ್ಲಿಂದ ಡಿಕೋಡ್ ಶುರು ಮಾಡ್ಬೋದು ಅಂತ ಹೇಳೋದೇ ಅದು.

ಈಗ ನನ್ನ ಲಾಸ್‌ಲೆಸ್ ಫೈಲ್‌ಗೆ ಬರ್ತೀನಿ. ಅದ್ರಲ್ಲಿ ಕ್ಯಾಪ್ಷನ್ ಇಲ್ಲ, ಎಚ್‌ಡಿಆರ್ ಇಲ್ಲ, ಹೋಗಿದ್ದು ನಿಜವಾಗ್ಲೂ ಸೆಟ್ಟಿಂಗ್ಸ್ ಸಾಲೊಂದೇ. ಆದ್ರೆ ಆ ಸಾಲನ್ನ ಮನುಷ್ಯರು ಮಾತ್ರ ಓದ್ತಾರೆ ಅಂತ ನಾನು ಅಂದ್ಕೊಂಡಿದ್ದು ತಪ್ಪು, ಡಿಕೋಡರ್ ಕೂಡ ಓದತ್ತೆ. ಎಫ್‌ಎಫ್‌ಎಂಪೆಗ್‌ನ ಎಚ್.264 ಡಿಕೋಡರ್ ಆ ಪಠ್ಯದ ಮೊದಲ ಭಾಗ ನೋಡಿ ಎಕ್ಸ್264 ಕೋರ್ ನಂಬರ್ ಎಷ್ಟು ಅಂತ ತೆಗೆದುಕೊಳ್ಳತ್ತೆ, ಯಾಕಂದ್ರೆ ಹಳೇ ಎಕ್ಸ್264ನಲ್ಲಿ ಸ್ಟಾಂಡರ್ಡ್‌ಗೆ ಸರಿಯಾಗಿ ಹೊಂದದೇ ಇದ್ದ ಕೆಲವು ವಿಷಯ ಇದ್ವು. ಅದ್ರಲ್ಲಿ ಒಂದು, ಲಾಸ್‌ಲೆಸ್ ಎನ್ಕೋಡ್‌ನಲ್ಲಿ 8x8 ಟ್ರಾನ್ಸ್‌ಫಾರ್ಮ್ (ಚಿತ್ರವನ್ನ 8x8 ಪಿಕ್ಸೆಲ್ ತುಂಡುಗಳಲ್ಲಿ ಲೆಕ್ಕ ಮಾಡೋ ಆಪ್ಷನ್) ಆನ್ ಇದ್ದಾಗ ಅಡ್ಡ ಮತ್ತೆ ಲಂಬ ಪ್ರೆಡಿಕ್ಷನ್, ಅಂದ್ರೆ ಪಕ್ಕದ ಪಿಕ್ಸೆಲ್ ನೋಡಿ ಮುಂದಿನದನ್ನ ಊಹಿಸೋದು, ಮಾಡೋ ರೀತಿ. ಕೋರ್ 151ರಲ್ಲಿ ಸರಿ ಆಯ್ತು, ಅದಕ್ಕಿಂತ ಹಳೇದಾದ್ರೆ ಡಿಕೋಡರ್ ಹಳೇ ರೀತಿಯಲ್ಲೇ ಲೆಕ್ಕ ಮಾಡತ್ತೆ, ಕೋರ್ ನಂಬರ್ ಸಿಗಲಿಲ್ಲ ಅಂದ್ರೆ ಸ್ಟಾಂಡರ್ಡ್ ಪ್ರಕಾರ ಮಾಡತ್ತೆ. ನನ್ನ ಫೈಲ್ ಕೋರ್ 148. ನಂಬರ್ ಕಿತ್ತು ಹಾಕಿದ್ದಕ್ಕೆ ಡಿಕೋಡರ್ ತನ್ನ ಪಾಡಿಗೆ ಸರಿಯಾಗಿ ಡಿಕೋಡ್ ಮಾಡಿತು, ಫೈಲ್‌ಗೆ ಬೇಕಿದ್ದದ್ದು ಹಳೇ ಲೆಕ್ಕ. ಗೆರೆಗಳು ಅಡ್ಡ ಮತ್ತೆ ಉದ್ದಕ್ಕೇ ಯಾಕೆ ಬಂದ್ವು ಅನ್ನೋದಕ್ಕೂ ಇದೇ ಉತ್ತರ, ಒಂದು ಪಿಕ್ಸೆಲ್‌ನ ತಪ್ಪು ಅದೇ ದಿಕ್ಕಿನ ಮುಂದಿನದಕ್ಕೆ ಸೇರ್ತಾ ಹೋಗತ್ತೆ.

ನಿಮ್ಮ ಫೈಲ್‌ದೂ ಅದೇ ಕಾಯಿಲೆನಾ ಅಂತ ಖಚಿತ ಮಾಡ್ಕೊಳ್ಳೋದು ಸುಲಭ. ಹಾಳಾದ ಫೈಲನ್ನ ಎಫ್‌ಎಫ್‌ಎಂಪೆಗ್‌ಗೆ ಕೊಡೋವಾಗ ಇನ್‌ಪುಟ್‌ಗಿಂತ ಮುಂಚೆ -ಎಕ್ಸ್264_ಬಿಲ್ಡ್ 148 ಅಂತ ಹಾಕಿ, ಅಂದ್ರೆ ಎಸ್‌ಇಐಯಲ್ಲಿ ನಂಬರ್ ಇಲ್ಲದಿದ್ರೆ ಇದೇ ಅಂದ್ಕೋ ಅಂತ ಹೇಳಿದ ಹಾಗೆ. ಗೆರೆ ಹೋದ್ರೆ ಕಾಯಿಲೆ ಇದೇ. ನಿಖರ ನಂಬರ್ ಗೊತ್ತಿಲ್ಲ ಅಂದ್ರೂ ಈ ದೋಷಕ್ಕೆ 150 ಹಾಕಿ ನೋಡ್ಬೋದು, 151ಕ್ಕಿಂತ ಕಡಿಮೆ ಆದ್ರೆ ಸಾಕು. ನಾನು ಹಾಕಿದ ತಕ್ಷಣ ಅಕ್ಷರದ ಅಂಚು ಬ್ಲೇಡಲ್ಲಿ ಕೊಯ್ದ ಹಾಗೆ ಚೊಕ್ಕ ಆಯ್ತು, ಆವತ್ತು ಸಿಕ್ಕ ಸಮಾಧಾನ ಇನ್ನೂ ನೆನಪಿದೆ.

ಆದ್ರೆ ಫೈಲ್ ತಗೊಂಡೋರಿಗೆಲ್ಲಾ ಈ ಆಪ್ಷನ್ ಹಾಕಿ ನೋಡಿ ಅನ್ನೋಕಾಗಲ್ಲ, ಹಾಗಾಗಿ ಕೋರ್ ನಂಬರನ್ನ ಫೈಲ್‌ಗೇ ವಾಪಸ್ ಹಾಕ್ಬೇಕು. ಎಚ್264_ಮೆಟಾಡೇಟಾ ಅನ್ನೋ ಬಿಟ್‌ಸ್ಟ್ರೀಮ್ ಫಿಲ್ಟರ್‌ನಲ್ಲಿ ಎಸ್‌ಇಐ_ಯೂಸರ್_ಡೇಟಾ ಅಂತ ಒಂದು ಆಪ್ಷನ್ ಇದೆ, ಅದಕ್ಕೆ 16 ಬೈಟ್‌ನ ಗುರುತಿನ ಸಂಖ್ಯೆ, ಒಂದು ಪ್ಲಸ್ ಚಿಹ್ನೆ, ಆಮೇಲೆ ಪಠ್ಯ ಕೊಡ್ಬೇಕು. ಪಠ್ಯದಲ್ಲಿ ಎಕ್ಸ್264, ಸ್ಪೇಸ್, ಅಡ್ಡಗೆರೆ, ಸ್ಪೇಸ್, ಕೋರ್, ಸ್ಪೇಸ್, 148, ಇಷ್ಟೇ ಸಾಕು, ಡಿಕೋಡರ್ ಹುಡುಕೋದು ಇದೇ ಅಚ್ಚು, ಒಂದು ಸ್ಪೇಸ್ ಹೆಚ್ಚುಕಮ್ಮಿ ಮಾಡ್ಬೇಡಿ, ಪಠ್ಯದಲ್ಲಿ ಸ್ಪೇಸ್ ಇರೋದ್ರಿಂದ ಪೂರ್ತಿ ಕೋಟ್ಸ್ ಒಳಗಿರ್ಲಿ. ಹೆಸರು ಮತ್ತೆ ನಂಬರ್ ಇರತ್ತೆ, ಆಪ್ಷನ್ ಒಂದೂ ಇರಲ್ಲ.

ಈಗ ನಾನು ತೆಗೆಯೋ ರೀತಿ

ಇದೆಲ್ಲಾ ಆದ್ಮೇಲೆ ಎಕ್ಸ್264 ಫೈಲ್‌ಗಳಿಗೆ ನಾನು ಎಸ್‌ಇಐ ಕೀಳೋದೇ ಬಿಟ್ಟಿದೀನಿ. ಪಠ್ಯದ ಮೇಲೆ ಪಠ್ಯ ಬರೆದುಬಿಡ್ತೀನಿ. ಮೂಲದ ಒಂದು ಪ್ರತಿ ತಗೊಂಡು ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಆಪ್ಷನ್ಸ್ ಅನ್ನೋ ಪದ ಹುಡುಕ್ತೀನಿ, ಅದ್ರ ಕೋಲನ್ ಆದ್ಮೇಲಿಂದ ಕೊನೇ ಅಕ್ಷರದವರೆಗೂ ಎಲ್ಲಾ ಬೈಟ್‌ಗೂ 20, ಅಂದ್ರೆ ಸ್ಪೇಸ್, ತುಂಬ್ತೀನಿ. ಮುಂದಿನ ಹೆಸರು ಮತ್ತೆ ಕೋರ್ ನಂಬರ್ ಹಾಗೇ ಬಿಡ್ತೀನಿ, ಕೊನೇ ಸೊನ್ನೆ ಬೈಟ್ ಮುಟ್ಟಲ್ಲ.

ಇಲ್ಲಿ ತಪ್ಪಾಗೋ ಜಾಗ ಎರಡೇ. ಎಡಿಟರ್ ಓವರ್‌ರೈಟ್ ಮೋಡ್‌ನಲ್ಲೇ ಇರ್ಬೇಕು, ಇನ್ಸರ್ಟ್ ಮೋಡ್‌ನಲ್ಲಿ ಒಂದೇ ಒಂದು ಬೈಟ್ ಸೇರಿದ್ರೂ ಅಲ್ಲಿಂದ ಮುಂದಿರೋ ಎಲ್ಲಾ ಫ್ರೇಮ್‌ನ ವಿಳಾಸ ಎಂಪಿ4 ಇಂಡೆಕ್ಸ್‌ಗೆ ಹೊಂದಲ್ಲ, ಫೈಲ್ ಓಡಲ್ಲ. ಆಮೇಲೆ ಖಾಲಿ ಮಾಡೋದು ಅಂದ್ರೆ ಸೊನ್ನೆ ತುಂಬೋದು ಅಂತ ಕೈ ತಾನಾಗೇ ಹೋಗತ್ತೆ, ಸೊನ್ನೆ ತುಂಬ್ಬೇಡಿ. ಎನ್‌ಎಎಲ್ ಯೂನಿಟ್ ಒಳಗೆ ಸಾಲಾಗಿ ಮೂರು ಸೊನ್ನೆ ಬೈಟ್ ಬರೋ ಹಾಗಿಲ್ಲ, ಎರಡು ಸೊನ್ನೆ ಆದ್ಮೇಲೆ 1 ಬಂದ್ರೆ ಹೊಸ ಯೂನಿಟ್ ಶುರು ಅಂತ ಅರ್ಥ, ಅದಕ್ಕೇ ಎನ್ಕೋಡರ್ ಇಂಥ ಕಡೆ ಮಧ್ಯೆ 03 ತೂರಿಸಿ ಕಾಯ್ಕೊಳತ್ತೆ. ನೀವು ಕೈಯಾರೆ 600 ಸೊನ್ನೆ ತುಂಬಿದ್ರೆ ಆ ನಿಯಮ ಮುರೀತು, ಕೆಲವು ಪ್ಲೇಯರ್ ಸಹಿಸತ್ತೆ ಕೆಲವು ಮೊದಲ ಫ್ರೇಮೇ ಬಿಟ್ಟುಬಿಡತ್ತೆ. ಸ್ಪೇಸ್‌ಗೆ ಈ ಕಾಟ ಇಲ್ಲ.

ಫೈಲ್ ಬಹಳ ಇದ್ರೆ ಇದನ್ನೇ ಪರ್ಲ್ ಅಥ್ವಾ ಪೈಥಾನ್‌ನಲ್ಲಿ ಹತ್ತು ಸಾಲಿನ ಸ್ಕ್ರಿಪ್ಟ್ ಮಾಡ್ಕೋಬೋದು, ಗುರುತಿನ 16 ಬೈಟ್ ಹುಡುಕು, ಅಲ್ಲಿಂದ ಆಪ್ಷನ್ಸ್ ಹುಡುಕು, ಸೊನ್ನೆ ಬೈಟ್ ಸಿಗೋವರೆಗೂ ಸ್ಪೇಸ್ ಹಾಕು, ಮತ್ತೆ ಮುಂದೆ ಹುಡುಕು. ಜೋಡಿಸಿದ ಫೈಲ್‌ನಲ್ಲಿ ಎರಡನೇ ಸಾಲೂ ಇರತ್ತೆ ಅಂದೆನಲ್ಲ, ಅದಕ್ಕೇ ಮೊದಲನೇದು ಸಿಕ್ಕ ತಕ್ಷಣ ನಿಲ್ಲಿಸ್ಬಾರ್ದು. ಟಿಎಸ್ ಮೇಲೆ ಇದನ್ನ ಓಡಿಸ್ಬೇಡಿ, ಮಧ್ಯದ ಪ್ಯಾಕೆಟ್ ಹೆಡರ್ ಮೇಲೂ ಸ್ಪೇಸ್ ಬಿದ್ದು ಹೋಗತ್ತೆ, ಎಂಕೆವಿಗೆ ತಂದು ಮಾಡಿ. ಎಂಕೆವಿಯಲ್ಲಿ ಒಂದು ಮಾತು, ಎಫ್‌ಎಫ್‌ಎಂಪೆಗ್ ಬರೆದ ಎಂಕೆವಿಯಲ್ಲಿ ಪ್ರತಿ ದೊಡ್ಡ ಭಾಗಕ್ಕೂ ಸಿಆರ್‌ಸಿ ಮೊತ್ತ (ಡೇಟಾ ಬದಲಾಗಿದೆಯಾ ಅಂತ ತಿಳಿಸೋ ಲೆಕ್ಕ) ಇರತ್ತೆ, ಒಳಗಿನ ಬೈಟ್ ಬದಲಾಯಿಸಿದ್ರೆ ಆ ಮೊತ್ತ ತಾಳೆ ಆಗಲ್ಲ. ಬದಲಾಯಿಸಿದ್ಮೇಲೆ ಒಂದ್ಸಲ ಸ್ಟ್ರೀಮ್ ಕಾಪಿಯಲ್ಲಿ ರೀಮಕ್ಸ್ ಮಾಡಿದ್ರೆ ಹೊಸ ಮೊತ್ತ ಬರತ್ತೆ.

ಕಳಿಸೋ ಮುಂಚೆ ಒಂದು ಪರೀಕ್ಷೆ ಮಾತ್ರ ಎಷ್ಟೇ ಆತುರ ಇದ್ರೂ ಬಿಡಲ್ಲ. ಮೂಲ ಫೈಲ್‌ಗೂ ಹೊಸದಕ್ಕೂ ಎಫ್‌ಎಫ್‌ಎಂಪೆಗ್‌ನಲ್ಲಿ ಫ್ರೇಮ್‌ಎಂಡಿ5 ತೆಗೆದು ಎರಡು ಪಟ್ಟಿಯನ್ನ ಡಿಫ್ ಮಾಡ್ತೀನಿ, ಅಂದ್ರೆ ಸಾಲು ಸಾಲಾಗಿ ಹೋಲಿಸ್ತೀನಿ. ಇದು ಡಿಕೋಡ್ ಆದ ಪ್ರತಿ ಫ್ರೇಮ್‌ಗೂ ಒಂದು ಮೊತ್ತ ಕೊಡತ್ತೆ, ಒಂದು ಪಿಕ್ಸೆಲ್ ಬದಲಾದ್ರೂ ಸಿಕ್ಕಿಬೀಳತ್ತೆ. ನಾನು ಮೊದಲ ಸಲವೇ ಇದನ್ನ ಮಾಡಿದ್ದಿದ್ರೆ ಆ ಗೆರೆ ಬಂದ ಫೈಲ್ ಹೊರಗೆ ಹೋಗ್ತಿರ್ಲಿಲ್ಲ. ಆದ್ರೆ ಕ್ಯಾಪ್ಷನ್ ಹೋದದ್ದು, ಎಚ್‌ಡಿಆರ್ ಮಾಹಿತಿ ಹೋದದ್ದು ಇದ್ರಲ್ಲಿ ಗೊತ್ತಾಗಲ್ಲ, ಅವಕ್ಕೆ ಎಫ್‌ಎಫ್‌ಪ್ರೋಬ್‌ನ ಸೈಡ್ ಡೇಟಾ ಪಟ್ಟಿಯನ್ನೂ ಹೀಗೇ ಹೋಲಿಸ್ಬೇಕು. ಮತ್ತೆ ಅಳಿಸೋ ಮುಂಚೆ ಮೂಲ ಸಾಲನ್ನ ಒಂದು ಟೆಕ್ಸ್ಟ್ ಫೈಲ್‌ಗೆ ಹಾಕಿಟ್ಕೊಳ್ಳಿ, ಮೂರು ವರ್ಷ ಬಿಟ್ಟು ಅದೇ ಸರಣಿಗೆ ಇನ್ನೊಂದು ಭಾಗ ಎನ್ಕೋಡ್ ಮಾಡೋಕೆ ಬಂದಾಗ ಅದೊಂದೇ ದಾಖಲೆ.

ನನ್ನ ಆ ಹಳೇ ರೆಕಾರ್ಡಿಂಗ್‌ಗಳನ್ನ ಮೂಲದಿಂದ ಮತ್ತೆ ಹೀಗೇ ಮಾಡಿ ಕಳಿಸಿದೆ. ಈಗ ಮೀಡಿಯಾಇನ್ಫೋದಲ್ಲಿ ರೈಟಿಂಗ್ ಲೈಬ್ರರಿ ಮುಂದೆ ಎಕ್ಸ್264 ಕೋರ್ 148 ಅಂತ ಬರತ್ತೆ, ಸೆಟ್ಟಿಂಗ್ಸ್ ಒಂದೂ ಕಾಣಲ್ಲ, ಫ್ರೇಮ್‌ಎಂಡಿ5 ಪಟ್ಟಿ ಎರಡರಲ್ಲೂ ಮೊದಲ ಸಾಲಿಂದ ಕೊನೇ ಸಾಲಿನವರೆಗೂ ಒಂದೇ.